ಆಕಾಶದ ಚಿಲುಮೆಗಳೂ ನೆಲದ ಗದ್ದಲವೂ

ಬೆಂಗಳೂರಿನ ಪಶ್ಚಿಮದಲ್ಲಿರುವ ಉಲ್ಲಾಳದ ಕೆರೆಯ ಏರಿಯ ಮೇಲೆ ರಾತ್ರಿ ನಿಂತು ತಲೆಯೆತ್ತಿದವರಿಗೆ ಈಗ ಕಾಣುವ ನಕ್ಷತ್ರಗಳು ಬಲು ಸ್ವಲ್ಪ. ಹಳ್ಳಿಯು ಪಟ್ಟಣದೊಳಗೆ ಸೇರಿತು, ಬೀದಿಗೆ ದೀಪಗಳು ಬಂದವು. ಇದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ದೀಪಗಳು ನಕ್ಷತ್ರಗಳನ್ನು ಮರೆಮಾಡುವಂತೆಯೇ, ವಿದ್ಯುದ್ಯಂತ್ರಗಳೂ ಮೊಬೈಲ್ ಗೋಪುರಗಳೂ ಎಬ್ಬಿಸುವ ರೇಡಿಯೋ ಗದ್ದಲವು ಆಕಾಶದ ಇನ್ನೊಂದು ದರ್ಶನವನ್ನು ಮರೆಮಾಡುವುದೆಂಬ ಸಂಗತಿಯನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಆ ದರ್ಶನವಾವುದು? ಕೆಲವು ಗೆಲಾಕ್ಸಿಗಳ ನಡುವೆ, ಸೂರ್ಯನಿಗಿಂತ ಕೋಟ್ಯಂತರ ಪಾಲು ತೂಕವುಳ್ಳ ಕಪ್ಪುಕುಳಿಯ ಸುತ್ತ ಅನಿಲವು ಸುಳಿಸುಳಿಯಾಗಿ ಬೀಳುತ್ತಿರುವುದು. ಅದರ ಒಂದಂಶವು ಒಳಗೆ ಬೀಳದೆ, ಎದುರುಬದುರಾದ ಎರಡು ದಿಕ್ಕುಗಳಿಗೆ ಬೆಳಕಿನ ವೇಗಕ್ಕೆ ಸಮೀಪವಾದ ವೇಗದಿಂದ ಚಿಲುಮೆಗಳಾಗಿ ಚಿಮ್ಮುವುದು. ಲಕ್ಷಾಂತರ ಜ್ಯೋತಿರ್ವರ್ಷಗಳ ದೂರ ಸಾಗಿದ ಮೇಲೆ ಅವು ಕಿವಿಯ ಹಾಲೆಗಳಂತೆ ಹರಡಿ, ರೇಡಿಯೋ ಅಲೆಗಳನ್ನು ಹೊಮ್ಮಿಸುವುವು. ರಾಜಹಂಸ ಪುಂಜದ ಸಿಗ್ನಸ್-ಎ ಎಂಬ ಮೂಲವು ಹೀಗೆ ಜೋಡಿಯಾಗಿದೆಯೆಂಬುದನ್ನು 1953ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನಲ್ಲಿ ಕಂಡುಹಿಡಿದ ಇಬ್ಬರಲ್ಲಿ ಮೃಣಾಲ್ ಕುಮಾರ್ ದಾಸ್‌ಗುಪ್ತರು ಭಾರತೀಯರೆಂಬುದು ನಮಗೆಲ್ಲ ಹೆಮ್ಮೆಯ ವಿಷಯ.

ಈ ಹಾಲೆಗಳಿಗೂ ಮುಪ್ಪುಂಟು. ಚಿಲುಮೆ ಬತ್ತಿದ ಮೇಲೆ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಮೊದಲು ಸೊರಗುವುವು. ಹಳೆಯ ಹಾಲೆಯ ಗುರುತು ಕಡಿಮೆ ಕಂಪನಾಂಕದ ಅಲೆಗಳಲ್ಲಿಯೇ ಬಹುಕಾಲ ಉಳಿಯುವುದು. ಆ ಅಲೆಗಳನ್ನು ಆಲಿಸಲೆಂದೇ ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ಸಾವಿರ ಆಂಟೆನಾಗಳ ದೂರದರ್ಶಕವನ್ನು ಕಟ್ಟಿದವು. ಅದರಿಂದ 34.5 ಮೆಗಾಹರ್ಟ್ಸಿನಲ್ಲಿ ಪಡೆದ ಆಕಾಶದ ನಕ್ಷೆಯು 1990ರಲ್ಲಿ ಪ್ರಕಟವಾಯಿತು. ಅಲ್ಲಿ ಸೂರ್ಯನ ರೇಡಿಯೋ ಅಧ್ಯಯನವು ಇಂದಿಗೂ ನಡೆದಿದೆ.

ಇದು ಮುಗಿದುಹೋದ ಶಾಸ್ತ್ರವಲ್ಲ. 2024ರಲ್ಲಿ ಪ್ರಕಟವಾದ ಪೋರ್ಫಿರಿಯನ್ ಎಂಬ ಚಿಲುಮೆಜೋಡಿಯು ಸುಮಾರು 2.3 ಕೋಟಿ ಜ್ಯೋತಿರ್ವರ್ಷ ಉದ್ದವಾಗಿದೆ. ಯೂರೋಪಿನ ಲೋಫಾರ್ ಎಂಬ ಯಂತ್ರಸಮೂಹವು ಕಂಡ ಈ ಜೋಡಿ ಯಾವ ಗೆಲಾಕ್ಸಿಯಿಂದ ಹೊರಟಿತೆಂಬುದನ್ನು ಗುರುತಿಸಲು ಪುಣೆಯ ಬಳಿಯಿರುವ, 30 ತಟ್ಟೆಗಳ ನಮ್ಮದೇ ದೂರದರ್ಶಕವು ನೆರವಾಯಿತು.

ಯಂತ್ರವನ್ನು ಹಣ ಕೊಟ್ಟು ಕಟ್ಟಬಹುದು. ಕಳೆದುಹೋದ ಮೌನವನ್ನು ಯಾವ ಬೊಕ್ಕಸವೂ ಕೊಂಡುಕೊಡಲಾರದು. ಉಲ್ಲಾಳದ ಆಕಾಶವನ್ನು ನಾವು ದೀಪಕ್ಕೆ ತೆತ್ತೆವು. ಗೌರಿಬಿದನೂರಿನ ಸುತ್ತ ಕಾರ್ಖಾನೆಗೋ ಗೋಪುರಕ್ಕೋ ಅಪ್ಪಣೆ ಕೊಡುವ ಮುನ್ನ ಅಧಿಕಾರಿಗಳು ವೀಕ್ಷಣಾಲಯದವರನ್ನು ಒಂದು ಮಾತು ಕೇಳುವುದು ಉಚಿತವಲ್ಲವೆ?