ಹಿಂದಿನ ಬೆಂಚಿನ ‘ದಡ್ಡ’

ಉಕ್ತಲೇಖನದ ವೇಳೆಯಲ್ಲಿ ಉಪಾಧ್ಯಾಯರು ‘ಬಿಸಿ’ ಎಂದರೆ ಹುಡುಗ ‘ಬಿಳಿ’ ಎಂದು ಬರೆಯುತ್ತಾನೆ. ‘ಕಾಸು’ ಎಂದರೆ ‘ಕಾಲು’ ಎಂದು ಬರೆಯುತ್ತಾನೆ. ಕರಿಹಲಗೆಯ ಮೇಲಿನ ಲೆಕ್ಕವನ್ನು ಮಾತ್ರ ಉಳಿದವರಿಗಿಂತ ಮೊದಲೇ ಮುಗಿಸಿರುತ್ತಾನೆ. ಆದರೂ ವರ್ಷಾಂತ್ಯಕ್ಕೆ ಅವನಿಗೆ ದೊರೆಯುವ ಬಿರುದು ‘ದಡ್ಡ’. ಮನೆಯಲ್ಲಿ ಒಮ್ಮೆ ಕರೆದಾಗ ಓಗೊಟ್ಟು ಮತ್ತೊಮ್ಮೆ ಸುಮ್ಮನಿದ್ದರೆ ‘ಜಾಣಕಿವುಡ’ ಎಂಬುದೂ ಅದಕ್ಕೆ ಸೇರುತ್ತದೆ. ಒಬ್ಬನೇ ಹುಡುಗ ದಡ್ಡನೂ ಜಾಣನೂ ಆಗುವುದು ಹೇಗೆಂದು ವಿಚಾರಿಸುವವರು ವಿರಳ!

ಪೂರ್ಣ ಕಿವುಡು ಮರೆಯಾಗಿ ಉಳಿಯುವುದು ಕಷ್ಟ. ಮಗುವಿಗೆ ಮಾತೇ ಬಾರದಿದ್ದಾಗ ಹೆತ್ತವರು ಎಚ್ಚರಗೊಳ್ಳುತ್ತಾರೆ. ಮೋಸ ಮಾಡುವುದು ಅರೆಗಿವುಡು. ಮಾತಿನಲ್ಲಿ ಸ್ವರಗಳು ಗಟ್ಟಿಯಾದುವು, ತಗ್ಗಿದ ಶ್ರುತಿಯುಳ್ಳವು. ‘ಸ’, ‘ಶ’ ಮೊದಲಾದ ವ್ಯಂಜನಗಳ ಸದ್ದಾದರೋ ಕ್ಷೀಣ, ಶ್ರುತಿ ಮಾತ್ರ ಬಲು ಎತ್ತರ. ಎತ್ತರದ ಶ್ರುತಿ ಕೇಳದ ಮಗುವಿಗೆ ಕೂಗು ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. ಹೀಗಾಗಿ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡುವ ಮನೆಯ ಪರೀಕ್ಷೆಗೆ ಬೆಲೆಯಿಲ್ಲ. ಮಗು ತಟ್ಟನೆ ತಿರುಗುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ, ಅಮೂಲ್ಯವಾದ ಇನ್ನೆರಡು ವರ್ಷಗಳು ಕಳೆದುಹೋಗುತ್ತವೆ.

ನೆಗಡಿ ಬಿಡದ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಳ್ಳುವುದುಂಟು. ಈ ವಾರ ಕೇಳಿದ್ದು ಮುಂದಿನ ವಾರ ಕೇಳಿಸದು. ಹಿರಿಯರ ಕಣ್ಣಿಗೆ ಇದು ಹಟ. ವೈದ್ಯರ ಕಣ್ಣಿಗೆ ರೋಗಲಕ್ಷಣ. (ಅದಕ್ಕೆ ಕಾಯಿಸಿದ ಎಣ್ಣೆ ಬಿಡುವ ಅಜ್ಜಿಯರ ಮದ್ದನ್ನು ದೂರವಿಡುವುದೇ ಕ್ಷೇಮ.) ಮಂಗಬಾವು ಒಂದೇ ಕಿವಿಯನ್ನು ಸದ್ದಿಲ್ಲದೆ ಕೊಂಡೊಯ್ಯಬಲ್ಲದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು.

ಕುರಿತಳಿಗೆ ಹೆಸರಾದ ಬನ್ನೂರಿನ ತಾಯಿತಂದೆಯರಿಗೆ ಸರಿಯಾದ ಪರೀಕ್ಷೆ ದೂರದ ಮಾತಲ್ಲ. ಸುಮಾರು 25 ಕಿಲೋಮೀಟರು ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿಯೂ ಅದು ಸೇವಾಕೇಂದ್ರವನ್ನು ತೆರೆಯಿತು. ಕಿವಿ, ಮಾತು, ಮನಸ್ಸು ಮೂರನ್ನೂ ಪರೀಕ್ಷಿಸುವ ತಜ್ಞರು ಈ ಸಂಸ್ಥೆಯಲ್ಲಿ ಒಂದೆಡೆ ದೊರೆಯುತ್ತಾರೆ. ಇದು ಸಣ್ಣ ಅನುಕೂಲವಲ್ಲ. ಬಾಯಿಮಾತಿನಲ್ಲಿ ಪ್ರಶ್ನೆ ಕೇಳಿ ಬುದ್ಧಿಯನ್ನು ಅಳೆದರೆ, ಪ್ರಶ್ನೆಯೇ ಕೇಳಿಸದ ಮಗು ಮಂದಮತಿಯೆಂದು ತೀರ್ಮಾನವಾಗಿಬಿಡುತ್ತದೆ. ಕಲಿಕೆಯ ನಿಜವಾದ ತೊಡಕುಳ್ಳ ಮಕ್ಕಳೂ ಇದ್ದಾರೆ. ಎರಡು ತೊಡಕುಗಳೂ ಒಂದೇ ಮಗುವಿನಲ್ಲಿ ಕೂಡಿರುವುದೂ ಉಂಟು. ಆದುದರಿಂದ ಕಿವಿಯ ಪರೀಕ್ಷೆ ಮೊದಲು, ಬುದ್ಧಿಯ ಪರೀಕ್ಷೆ ಅನಂತರ.

ಶಾಲೆಗೆ ಸೇರುವವರೆಗೆ ಕಾಯಬೇಕಾದುದೂ ಇಲ್ಲ. ಆರೋಗ್ಯವಂತ ಕಿವಿ ತಾನೇ ಅತಿ ಸೂಕ್ಷ್ಮವಾದ ನಾದವನ್ನು ಹೊರಡಿಸುತ್ತದೆಂದು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಪ್ರಕಟಿಸಿದರು. ಆ ನಾದವನ್ನು ಗ್ರಹಿಸುವ ಯಂತ್ರದಿಂದ ತೊಟ್ಟಿಲಿನಲ್ಲಿ ನಿದ್ರಿಸುತ್ತಿರುವ ಕೂಸನ್ನೂ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಬಹುದು. 1 ತಿಂಗಳೊಳಗೆ ಈ ಪರೀಕ್ಷೆ, 3 ತಿಂಗಳೊಳಗೆ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರ ಲೆಕ್ಕಾಚಾರ. ಆದರೆ ಹುಟ್ಟಿದಾಗ ಚೆನ್ನಾಗಿದ್ದ ಕಿವಿ ಆಮೇಲೆ ಕೆಡಲಾರದೆಂದಿಲ್ಲ; ಉಕ್ತಲೇಖನದ ಪುಸ್ತಕವನ್ನು ತೆರೆದು ನೋಡುವ ಕೆಲಸ ಅನಂತರವೂ ಉಳಿದೇ ಇರುತ್ತದೆ.

ದ್ರವ ತುಂಬಿದ ಕಿವಿ ಬಹುಮಟ್ಟಿಗೆ ಗುಣವಾಗುತ್ತದೆ. ಶಾಶ್ವತವಾದ ದೋಷಕ್ಕೆ ಶ್ರವಣಯಂತ್ರವುಂಟು. ಅದನ್ನು ತೊಡಿಸಿದ ದಿನವೇ ಹುಡುಗ ಪಾಠ ಒಪ್ಪಿಸುತ್ತಾನೆಂದು ಎದುರುನೋಡುವಂತಿಲ್ಲ; ಕೇಳದೆ ಉಳಿದ ಮಾತುಗಳನ್ನು ಒಂದೊಂದಾಗಿ ಕಲಿಯಬೇಕು. ಒಗ್ಗರಣೆಯ ಚಟಪಟ, ಬೆಂಚು ಎಳೆಯುವ ಕರ್ಕಶ ಸದ್ದು, ಕಾಗದ ಮಡಿಸುವ ಸಪ್ಪಳ ಎಲ್ಲವೂ ಏಕಕಾಲಕ್ಕೆ ನುಗ್ಗಿ ಬಂದಾಗ, ಯಂತ್ರವನ್ನು ಕಿತ್ತು ತಾಯಿಯ ಕೈಗಿಡುವ ಮಕ್ಕಳೂ ಇದ್ದಾರೆ. ಕೆಲವು ದಿನಗಳಾದ ಮೇಲೆ ಅವರೇ ಬಂದು ಅದನ್ನು ಕೇಳಿ ಪಡೆಯುತ್ತಾರೆ.