ಮೂರು ತಿಂಗಳ ಹಿಂದಿನ ಸೂಜಿ

ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಜ್ವರ ಹಿಡಿದವರ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ವೈದ್ಯಕೀಯ ಪದವಿಯಿಲ್ಲದ ಊರಿನ ಆರ್‌ಎಂಪಿ ಡಾಕ್ಟರ ಸೂಜಿ, ಇಳಿಯದಿದ್ದರೆ ಔಷಧಿ ಅಂಗಡಿಯ ಗುಳಿಗೆ, ಆಮೇಲೆ ತಾಲ್ಲೂಕು ಆಸ್ಪತ್ರೆ, ಕೊಪ್ಪಳದ ಜಿಲ್ಲಾಸ್ಪತ್ರೆ; ಬಿಗಡಾಯಿಸಿದರೆ ಹುಬ್ಬಳ್ಳಿ, ಗಂಗಾವತಿಯವರಾದರೆ ಬಳ್ಳಾರಿ. ಅಲ್ಲಿ ಯಾವ ಔಷಧಕ್ಕೂ ಜಗ್ಗದ ಸೋಂಕು ಕಾಣಿಸಿಕೊಂಡಾಗ ಮನೆಯವರು ದೂರುವುದು ಕೊನೆಯ ಆಸ್ಪತ್ರೆಯನ್ನು. ಆದರೆ ಅಪಾಯ ದಾರಿಯುದ್ದಕ್ಕೂ ಕೂಡುತ್ತ ಬಂದಿರುತ್ತದೆ. ಉಸಿರಾಟದ ಯಂತ್ರ, ಮೂತ್ರದ ಪೈಪು, ಡಯಾಲಿಸಿಸ್, ವಾರಗಟ್ಟಲೆ ಮಲಗಿದ ಹಾಸಿಗೆ, ಸಕ್ಕರೆ ಕಾಯಿಲೆ ಇವೆಲ್ಲ ಅದನ್ನು ಹೆಚ್ಚಿಸುತ್ತವೆ, ನಿಜ. ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಮತ್ತು ಶ್ವಾಸಕೋಶ ತಜ್ಞರ ಸಂಘಗಳು 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಮಾತ್ರ ಬೇರೆಯದೇ ಕಡೆ ಬೆರಳು ತೋರಿಸುತ್ತದೆ. ಯಂತ್ರಕ್ಕೆ ಹಾಕದ ರೋಗಿಗೆ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಬಂದರೆ, ಅದರ ಹಿಂದೆ ಹಲವು ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾ ಇದೆಯೆಂದು ಶಂಕಿಸಲು ಅದು ಹೆಸರಿಸುವ ಕಾರಣ ಒಂದೇ: ಹಿಂದಿನ 90 ದಿನಗಳಲ್ಲಿ ರಕ್ತನಾಳಕ್ಕೆ ಕೊಟ್ಟ ಆ್ಯಂಟಿಬಯೋಟಿಕ್.

ಇದರ ಒಳಗುಟ್ಟು ಗಂಗಾವತಿಯ ಬತ್ತದ ರೈತರಿಗೆ ಹೇಳಿಕೊಡಬೇಕಿಲ್ಲ. ಬೆಳೆ ಬೆಳೆಗೂ ಅದೇ ಎಣ್ಣೆ ಹೊಡೆದರೆ ಜಿಗಿಹುಳು ಸಾಯುವುದು ನಿಲ್ಲುತ್ತದೆ; ತಾಳಿಕೊಂಡವು ಉಳಿದು ಗದ್ದೆ ತುಂಬುತ್ತವೆ. ಕರುಳಿನಲ್ಲೂ ಹೀಗೇ. ಸಾಧು ಬ್ಯಾಕ್ಟೀರಿಯಾ ಸತ್ತು ಗಟ್ಟಿಯವು ಬೆಳೆಯುತ್ತವೆ, ಕಾಯಿಲೆ ಮಾಡದೆ ತಣ್ಣಗೆ ಕೂತಿರುತ್ತವೆ. ಆಸ್ಪತ್ರೆಯಲ್ಲಿ ಹಾಕಿದ ಪೈಪು ಅವಕ್ಕೆ ಏಣಿಯಾಗುತ್ತದೆ. ಹಾಗಾದರೆ ಆಸ್ಪತ್ರೆಯ ತಪ್ಪೇನೂ ಇಲ್ಲವೇ? ಖಂಡಿತ ಇದೆ. ಕೈ ತೊಳೆಯದ ವೈದ್ಯರೇ ಬಾಣಂತಿಯರಿಗೆ ಜ್ವರ ಹಚ್ಚುತ್ತಾರೆಂದು ವಿಯೆನ್ನಾದಲ್ಲಿ ಸೆಮೆಲ್‌ವೈಸ್ 1847ರಲ್ಲೇ ತೋರಿಸಿದ್ದ. ಒಬ್ಬನ ಹಾಸಿಗೆಯಿಂದ ಇನ್ನೊಬ್ಬನ ಹಾಸಿಗೆಗೆ ಈ ಗಟ್ಟಿ ಬ್ಯಾಕ್ಟೀರಿಯಾ ಸಾಗುವುದು ಇಂದಿಗೂ ಹೆಚ್ಚಾಗಿ ಕೈಗಳ ಮೇಲೆಯೇ. ಆದರೆ ರೋಗಿ ಕರುಳಿನಲ್ಲಿ ಹೊತ್ತುತಂದದ್ದನ್ನು ಯಾವ ಸೋಪೂ ತೊಳೆಯದು.

ಸೂಜಿ ಮಾಡಿಸಿಕೊಂಡವರನ್ನು ತಿಳಿಗೇಡಿಗಳೆನ್ನುವುದು ಸುಲಭ, ಅನ್ಯಾಯವೂ ಹೌದು. ಬಿತ್ತನೆ ಕಾಲದಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಔಷಧ ಬಿಗಿ ಮಾಡಿದರೆ ಬಡವರೇ ಸಾಯುತ್ತಾರೆಂಬ ವಾದದಲ್ಲೂ ಹುರುಳಿದೆ: ರಕ್ತಕ್ಕೆ ನಂಜೇರಿದವರಿಗೆ ತಡವಾದ ಒಂದೊಂದು ಗಂಟೆಯೂ ಕೇಡು. ಆದ್ದರಿಂದ ನಾನು ಕೇಳುತ್ತಿರುವುದು ಔಷಧದ ನಿರಾಕರಣೆಯನ್ನಲ್ಲ, ಅದರ ಲೆಕ್ಕವನ್ನು. ಮಾರ್ಚ್ 2014ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್‌1 ಪಟ್ಟಿಯ ಪ್ರಕಾರ, ಪ್ರಬಲ ಆ್ಯಂಟಿಬಯೋಟಿಕ್ ಮಾರುವ ಅಂಗಡಿ ರೋಗಿಯ ಮತ್ತು ವೈದ್ಯರ ಹೆಸರು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಬರೆದರೂ ಆ ಪುಸ್ತಕ ಉಳಿಯುವುದು ಅಂಗಡಿಯಲ್ಲಿ, ರೋಗಿ ಹುಬ್ಬಳ್ಳಿ ತಲುಪುವುದು ಬರಿಗೈಯಲ್ಲಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಮಣಿಯುತ್ತದೆ ಎಂದು ಹೇಳುವ ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ವೈದ್ಯರದು ಊಹೆ. ಹಿಂದಿನದು ತಿಳಿಯದ ಊಹೆ ದೊಡ್ಡ ಔಷಧದ ಕಡೆಗೇ ವಾಲುತ್ತದೆ, ಅದು ಮತ್ತಷ್ಟು ಗಟ್ಟಿಯವನ್ನು ಬೆಳೆಸುತ್ತದೆ. ಇನ್ನು ಹಳ್ಳಿಯ ಸೂಜಿಗೆ ಚೀಟಿಯೇ ಇರುವುದಿಲ್ಲ, ಬರೆದರೆ ಸಿಕ್ಕಿಬೀಳುವ ಭಯ ಕೊಟ್ಟವನಿಗೆ. ಆದರೆ ಖಾಲಿ ಸೀಸೆಯ ಮೇಲೆ ಔಷಧದ ಹೆಸರು ಅಚ್ಚಾಗಿರುತ್ತದೆ. ಕೇಳಿದರೆ ಅದನ್ನು ಕೊಡಲು ಅವನಿಗೂ ಅಂಥ ಅಡ್ಡಿಯಿಲ್ಲ.