ಕಣ್ಣಿಗೆ ಬಿದ್ದ ಗ್ರೇ ಎಷ್ಟು?

ಮೂಗಿನ ಹಿಂಭಾಗಕ್ಕೋ ಪಕ್ಕದ ಸೈನಸ್‌ಗೋ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ 60ರಿಂದ 70 ಗ್ರೇ ವಿಕಿರಣ ಕೊಡುತ್ತಾರೆ; ಗ್ರೇ ಎಂದರೆ ವಿಕಿರಣದ ಪ್ರಮಾಣದ ಅಳತೆ. ದಿನಕ್ಕೆ 2 ಗ್ರೇಯಂತೆ ವಾರಕ್ಕೆ 5 ದಿನ. 66 ಗ್ರೇ ಎಂದರೆ 33 ಸರತಿ, ಆರೂವರೆ ವಾರ. ಸಂಪಗಾಂವ, ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯವರು ಇದಕ್ಕೆ ಬೆಳಗಾವಿಗೋ ಹುಬ್ಬಳ್ಳಿಯ ನವನಗರಕ್ಕೋ ಹೋಗಬೇಕು. ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿ.ಮೀ. ದಿನಾ ಹೋಗಿಬಂದರೆ 33 ಸರತಿಗೆ ಹತ್ತಿರ ಹತ್ತಿರ 3,000 ಕಿ.ಮೀ. ರಾಮದುರ್ಗದವರಿಗೆ ಇನ್ನೂ ದೂರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ರೋಗಿಯದೂ ಜೊತೆಗೆ ಹೋದವರದೂ ಕಳೆದ ಕೂಲಿ ಅದರಲ್ಲಿ ಬರುವುದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಕಣ್ಣಿನ ಲೆಕ್ಕ ಶುರುವಾಗುತ್ತದೆ.

ಮೇಲ್ದವಡೆಯ ಸೈನಸ್‌ನ ಚಾವಣಿಯೇ ಕಣ್ಣಗೂಡಿನ ನೆಲ; ನಡುವೆ ಇರುವುದು ತೆಳು ಎಲುಬು. ಎಷ್ಟೇ ಗುರಿಯಿಟ್ಟರೂ ಕಣ್ಣಿನ ಹಿಂದಿನ ಪರದೆಗೆ, ಅಂದರೆ ರೆಟಿನಾಕ್ಕೆ, ಒಂದಿಷ್ಟು ಪಾಲು ಬೀಳಬಹುದು. 45 ಗ್ರೇ ಒಳಗಿದ್ದರೆ ರೆಟಿನಾಕ್ಕೆ ಹಾನಿ ಅಪರೂಪ. 50 ದಾಟಿದರೆ ಅಪಾಯ ಏರುತ್ತದೆ, ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಮತ್ತಷ್ಟು. ತಲೆಯ ಸಿಟಿ ಸ್ಕ್ಯಾನ್‌ಗೆ ಯಾರೂ ಹೆದರಬೇಕಿಲ್ಲ: ಅದರಲ್ಲಿ ಕಣ್ಣಿಗೆ ಬೀಳುವುದು ಸುಮಾರು 0.05 ಗ್ರೇ. 45 ಆಗಬೇಕಾದರೆ 900 ಸ್ಕ್ಯಾನ್ ಬೇಕು.

ಚಿಕಿತ್ಸೆಯ ವಿಕಿರಣದ್ದು ಸುಡುವ ಪೆಟ್ಟಲ್ಲ. 66 ಗ್ರೇ ಒಟ್ಟಿಗೆ ಬಿದ್ದರೂ ನೀರಿನ ತಾಪಮಾನ 0.02 ಡಿಗ್ರಿಯಷ್ಟೂ ಏರದು. ಪೆಟ್ಟು ಬೀಳುವುದು ರಕ್ತನಾಳದ ಒಳಮೈಗೆ ಹಾಸಿದ ಜೀವಕೋಶಗಳ ಡಿಎನ್‌ಎಗೆ. ಆ ಕೋಶಗಳು ವಿಭಜನೆಯಾಗುವುದೇ ವಿರಳ; ವಿಭಜನೆಯ ಸರದಿ ಬಂದಾಗ ಸಾಯುತ್ತವೆ, ಜಾಗ ತುಂಬಲು ಹೊಸ ಕೋಶ ಇರುವುದಿಲ್ಲ. ಆದ್ದರಿಂದಲೇ ಹಾನಿ ಕಾಣುವುದು ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದ ನಡುವೆ. ಕೂದಲೆಳೆಗಿಂತ ಸಣ್ಣ ನಾಳಗಳು ಮೊದಲು ಸೋರುತ್ತವೆ, ಆಮೇಲೆ ಮುಚ್ಚುತ್ತವೆ. ರಕ್ತ ಸಿಗದ ರೆಟಿನಾ ಹೊಸ ನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಹಾಗೆ ಹುಟ್ಟಿದ ನಾಳಗಳಿಗೆ ಗಟ್ಟಿತನವಿಲ್ಲ, ಒಡೆದು ಕಣ್ಣೊಳಗೆ ರಕ್ತ ತುಂಬುತ್ತವೆ. ದೃಷ್ಟಿಯ ನಡುಭಾಗಕ್ಕೆ ಊತ ತಟ್ಟುವ ತನಕ ರೋಗಿಗೆ ಏನೂ ಗೊತ್ತಾಗದಿರಬಹುದು. ನನಗೆ ಆತಂಕ ಹುಟ್ಟಿಸುವುದು ಇದೇ.

ಔಷಧಿ ಇದೆ. ಬೆವಾಸಿಜುಮ್ಯಾಬ್ ಎಂಬ ಇಂಜೆಕ್ಷನ್ ವಿಇಜಿಎಫ್ ಅನ್ನು ತಡೆಯುತ್ತದೆ. ಅದರ 4 ಮಿ.ಲೀ. ಬಾಟಲಿಯಲ್ಲಿ 100 ಮಿ.ಗ್ರಾಂ. ಇರುತ್ತದೆ, ಒಂದು ಕಣ್ಣಿಗೆ ಬೇಕಾದದ್ದು 0.05 ಮಿ.ಲೀ., ಅಂದರೆ 1.25 ಮಿ.ಗ್ರಾಂ. ಲೆಕ್ಕಕ್ಕೆ 80 ಪಾಲು; ಶುಚಿಯಾಗಿ ಹಂಚುವಾಗ ಅಷ್ಟು ಸಿಗುವುದಿಲ್ಲ, ಆದರೂ ಕಣ್ಣಿಗೆಂದೇ ತಯಾರಾದ ರಾನಿಬಿಜುಮ್ಯಾಬ್‌ಗಿಂತ ಬಹಳ ಅಗ್ಗ. ತೊಡಕೆಂದರೆ, ಒಂದು ಇಂಜೆಕ್ಷನ್‌ನ ಬಲ ಕೆಲವು ವಾರ ಮಾತ್ರ. ಮತ್ತೆ ಮತ್ತೆ ಹಾಕಿಸಬೇಕು, ಮತ್ತು ಮುಚ್ಚಿಹೋದ ನಾಳವನ್ನು ಅದು ತೆರೆಯಲಾರದು.

ಹಾಗಾಗಿ ವಿಕಿರಣ ಮುಗಿಸಿ ಮನೆಗೆ ಹೊರಡುವ ದಿನ ವೈದ್ಯರನ್ನು ಕೇಳಿ, ಎರಡೂ ಕಣ್ಣಿಗೆ ಬಿದ್ದ ಗ್ರೇ ಎಷ್ಟೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ರಮಾಣ 45ರ ಆಸುಪಾಸಿದ್ದರೆ, ಸಕ್ಕರೆ ಕಾಯಿಲೆ ಇದ್ದವರು ಅದಕ್ಕಿಂತ ಕಡಿಮೆ ಇದ್ದರೂ, 6 ತಿಂಗಳಿಗೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಿಕೊಳ್ಳಿ. 3 ವರ್ಷಕ್ಕೆ 6 ಸರತಿ. ಬೈಲಹೊಂಗಲದಿಂದ ಬೆಳಗಾವಿಗೆ 540 ಕಿ.ಮೀ. ಮಾತ್ರ.